ಒಂಬತ್ತನೇ ಪ್ರಶ್ನೆ

ನಮ್ಮ ಪರಿಚಯ ಶುರುವಾದದ್ದೇ ಜಗಳದಿಂದ. ಅಂಗಡಿಯ ಬೀಗ ಕೆಟ್ಟು ನಾನು ಹೊರಗೆ ನಿಂತಿದ್ದೆ. ಬೀಗ ರಿಪೇರಿಯವನು ಬಂದ, ಚೀಲ ಕೂಡ ಬಿಚ್ಚದೆ, ಅಂಗಡಿ ನನ್ನದೇ ಅನ್ನುವುದಕ್ಕೆ ಕಾಗದ ಕೇಳಿದ. ಕಾಗದ ಒಳಗಿದೆ ಮಹಾರಾಯ, ಎಂದೆ. ಪಕ್ಕದ ಇಸ್ತ್ರಿ ಅಂಗಡಿಯವರು ಬಂದು ಗುರುತು ಹೇಳಿದ ಮೇಲೆಯೇ ಬಗ್ಗಿ ಕೂತ, ಎರಡೇ ನಿಮಿಷದಲ್ಲಿ ತೆಗೆದ. ನಾನು ಮುಖ ಊದಿಸಿಕೊಂಡೇ ನಿಂತಿದ್ದೆ. ಹೊರಡುವಾಗ ಓರೆಗಣ್ಣಲ್ಲಿ ನೋಡಿ, "ಕೋಪದಲ್ಲೂ ಚೆನ್ನಾಗೇ ಕಾಣ್ತೀರ ಮೇಡಂ" ಅಂದುಬಿಟ್ಟ. ಎಂಥ ಕೊಬ್ಬು! ವಾರವಿಡೀ ಆ ಕೊಬ್ಬನ್ನೇ ನೆನೆಸಿಕೊಂಡು ನಕ್ಕೆ.

ಮದುವೆಯ ಮಾತು ಬಂದಾಗ, ಅಂದು ಕಾಗದ ಕೇಳಿದ್ದರ ಕಾರಣ ಹೇಳಿದ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಕೀ ಕಳೆದುಹೋಗಿದೆ ಎಂದವನೊಬ್ಬನ ಮಾತು ನಂಬಿ ಬಾಗಿಲು ತೆಗೆದುಕೊಟ್ಟಿದ್ದ. ಮನೆ ಆ ಮನುಷ್ಯನದಲ್ಲ. ಕಳ್ಳ ಓಡಿಹೋದ, ಇವನು ಸಿಕ್ಕಿಬಿದ್ದ. ಎಂಟು ತಿಂಗಳು ಜೈಲು. ಹೇಳುವಷ್ಟು ಹೊತ್ತೂ ನೆಲ ನೋಡುತ್ತಿದ್ದ. ಗಲ್ಲ ಹಿಡಿದು ಮುಖ ನನ್ನ ಕಡೆ ತಿರುಗಿಸಿಕೊಂಡೆ. ಕಣ್ಣು ತುಂಬಿತ್ತು.

ನನ್ನ ಕೆಲಸ ಜನರ ಅರ್ಜಿ ತುಂಬಿಕೊಡುವುದು. ಹೊರದೇಶದಲ್ಲಿ ಒಂಟಿಯಾಗಿದ್ದ ಅಕ್ಕ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಇಬ್ಬರೂ ಹೋಗಿ ಅವಳ ಜೊತೆಗೇ ನೆಲೆಸಿ ನೋಡಿಕೊಳ್ಳೋಣ, ಅವಳೆದುರೇ ಮದುವೆಯಾಗೋಣ ಎಂದುಕೊಂಡೆವು. ವೀಸಾ ಅರ್ಜಿಯ ಒಂಬತ್ತನೇ ಪ್ರಶ್ನೆ: ಎಂದಾದರೂ ಶಿಕ್ಷೆಯಾಗಿದೆಯೇ?

ಹನ್ನೆರಡು ವರ್ಷದಲ್ಲಿ ಗಿರಾಕಿಯನ್ನು ಕೇಳದೆ ಒಂದಕ್ಷರ ಬರೆದವಳಲ್ಲ ನಾನು. ಆದರೆ ಇವನು ನನಗೆ ಗಿರಾಕಿಯೇ? ತಪ್ಪೇ ಮಾಡದವನನ್ನು ಅಪರಾಧಿ ಎಂದು ಈ ಕೈಯಿಂದ ಹೇಗೆ ಬರೆಯಲಿ? 'ಇಲ್ಲ' ಎಂದು ತುಂಬಿದೆ. ಅವನು ಓದಲಿಲ್ಲ. ನೀನು ಬರೆದದ್ದು ತಾನೇ ಎಂದು ನಕ್ಕು ಸಹಿ ಹಾಕಿದ.

ವೀಸಾ ಬಂತು. ಆ ದೇಶದಲ್ಲಿ ಇಳಿದಾಗ ಗಡಿ ತಪಾಸಣೆಯ ಕೌಂಟರಿನಲ್ಲಿ ಅಧಿಕಾರಿ ಅದೇ ಪ್ರಶ್ನೆಯನ್ನು ಬಾಯಲ್ಲಿ ಕೇಳಿದರು. ಇವನು ಹೌದು, ಎಂಟು ತಿಂಗಳು ಎಂದ. ನನ್ನ ಜೀವ ಅಲ್ಲೇ ಹಾರಿಹೋಯಿತು.

ನಮ್ಮನ್ನು ಒಂದು ಸಣ್ಣ ಕೋಣೆಗೆ ಕರೆದೊಯ್ದರು. ಅಧಿಕಾರಿ ಒಳ್ಳೆಯ ಮನುಷ್ಯರೇ. ಹಳೆಯ ಶಿಕ್ಷೆಯನ್ನು ಮೊದಲೇ ಬರೆದಿದ್ದರೆ ಪರಿಶೀಲಿಸಿ ಬಿಡುತ್ತಿದ್ದೆವೋ ಏನೋ, ಮುಚ್ಚಿಟ್ಟದ್ದಕ್ಕೆ ಕ್ಷಮೆಯಿಲ್ಲ ಎಂದರು. ಬೇರೆ ಯಾರಾದರೂ ತುಂಬಿದ್ದರೆ ಅವರನ್ನೂ ಒಳಗೆ ಬಿಡುವುದಿಲ್ಲ, ಯಾರು ತುಂಬಿದ್ದು ಎಂದು ಕೇಳಿದರು. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅವನು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದ.

"ನಾನೇ ಸರ್. ಹೆದರಿಕೊಂಡು ಸುಳ್ಳು ಬರ್ದೆ."

ಹತ್ತು ವರ್ಷ ಪ್ರವೇಶವಿಲ್ಲ ಎಂದು ಅವನ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಮಾತಾಡಿಕೊಳ್ಳಲು ಐದು ನಿಮಿಷ ಕೊಟ್ಟರು.

"ನಾನು ಹೇಳಿಬಿಡ್ತೀನಿ," ಎಂದೆ.

"ಹೇಳಿ ಏನ್ ಮಾಡ್ತೀಯ? ಇಬ್ರೂ ವಾಪಸ್ ಹೋದ್ರೆ ನಾಡಿದ್ದು ಎರಡನೇ ಆಪರೇಷನ್‌ಗೆ ಅಕ್ಕನ ಜೊತೆ ಯಾರಿರ್ತಾರೆ? ಸುಮ್ನಿರು ಮೇಡಂ."

"ನಂಗೊಂದು ಮಾತು ಬೈಯೋ. ಪುಣ್ಯ ಬರತ್ತೆ."

ಅವನು ನನ್ನ ಹಣೆಯ ಕೂದಲು ಹಿಂದಕ್ಕೆ ಸರಿಸಿದ.

"ಜಡ್ಜು ನಂಬಲಿಲ್ಲ, ಹೆತ್ತಮ್ಮನೂ ನಂಬಲಿಲ್ಲ. ಏನೂ ಮಾಡಿಲ್ಲ ಅಂತ ಬರೆದುಕೊಟ್ಟವಳು ನೀನೊಬ್ಳೇ ಕಣೇ. ಬೈಯೋಕೆ ನಾಲಿಗೆ ಹೇಗೆ ಏಳುತ್ತೆ?"

ಹತ್ತು ವರ್ಷ ಕಾಯುತ್ತೇನೆ ಎಂದೆ. ಬೇಡ ಎಂದು ತಲೆಯಾಡಿಸಿದ. ಕಾಯಬೇಡ ಎಂದನೋ, ಅಳಬೇಡ ಎಂದನೋ, ಕೇಳುವಷ್ಟರಲ್ಲಿ ಅವನನ್ನು ಎಬ್ಬಿಸಿಕೊಂಡು ಹೋದರು. ಆಗಲೂ ಓಡಿಹೋಗಿ ಬರೆದವಳು ನಾನೇ ಎನ್ನಬಹುದಿತ್ತು. ನನ್ನ ಪಾಸ್‌ಪೋರ್ಟ್ ಕೈಗೆ ಬಂತು. ತೆಗೆದುಕೊಂಡೆ.

ಹೊರಗೆ ಬಿಸಿಲಿತ್ತು. ಟ್ಯಾಕ್ಸಿಗಳ ಸಾಲಿನಲ್ಲಿ ನಿಂತಾಗ ಅಕ್ಕನ ಫೋನು ಬಂತು. ಇಬ್ಬರೂ ಕ್ಷೇಮವಾಗಿ ತಲುಪಿದಿರಾ ಎಂದು ಆಸ್ಪತ್ರೆಯ ಮಂಚದಿಂದಲೇ ಸಂಭ್ರಮದಲ್ಲಿ ಕೇಳಿದಳು. ಹುಡುಗನ ಕೈಗೆ ಫೋನು ಕೊಡು, ದನಿಯಾದರೂ ಕೇಳುತ್ತೇನೆ ಎಂದಳು.

"ಅವನು ಬರಲಿಲ್ಲ ಅಕ್ಕ," ಎಂದೆ. "ನಾನೇ ವಾಪಸ್ ಕಳಿಸಿಬಿಟ್ಟೆ."