ನೋವಿನ ಕೈ ಮೊದಲು

ಬಣ್ಣ ಬಳಿಯುವವನು ಇನ್ನಿಲ್ಲವೆಂಬ ಸುದ್ದಿ ಬಂದಾಗ ಅವಳು ಅವನಿಗಾಗಿಯೇ ಕುರ್ಚಿ ಸರಿಸಿಟ್ಟು ಕಾಯುತ್ತಿದ್ದಳು.

"ಮಲಗಿದವನು ಏಳಲೇ ಇಲ್ಲವಂತೆ... ನಿದ್ದೆಯಲ್ಲೇ ಹೃದಯ ನಿಂತುಹೋಯ್ತಂತೆ," ಎಂದಳು ಆಸ್ಪತ್ರೆಯ ಆಯಾ.

ಅಯ್ಯೋ ದೇವರೇ! ಇವತ್ತು ಉತ್ತರ ಹೇಳಬೇಕಿತ್ತಲ್ಲ...

ಅವಳನ್ನು ಎಲ್ಲರೂ ಭುಜದ ಡಾಕ್ಟರಮ್ಮ ಎನ್ನುತ್ತಿದ್ದರು. ಬಿಗಿದ ಕೀಲುಗಳಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಗೋಡೆಗೆ ಬಣ್ಣ ಬಳಿಯುತ್ತಿದ್ದ ಅವನು ಏಣಿಯಿಂದ ಬಿದ್ದು ಬಲಭುಜದ ಸ್ನಾಯು ಹರಿದುಕೊಂಡು ಬಂದಿದ್ದ. ಮೊದಲ ದಿನ ಅಂಗಿ ತೊಡಲು ಒದ್ದಾಡಿ ಬೆವತುಹೋಗಿದ್ದ.

"ನೋವಿನ ಕೈ ಮೊದಲು ಹಾಕಿ. ಆಮೇಲೆ ಒಳ್ಳೇ ಕೈ!" ಎಂದು ಗದರಿದ್ದಳು.

"ಒಳ್ಳೆಯವರಿಗೇ ಮೊದಲ ಮರ್ಯಾದೆ ಅಂದ್ಕೊಂಡಿದ್ದೆ ಡಾಕ್ಟರಮ್ಮ!"

"ಬಾಯಿಗೇನೂ ಪೆಟ್ಟು ಬಿದ್ದಿಲ್ಲ, ಅಲ್ವಾ?"

ಅವನು ನಕ್ಕುಬಿಟ್ಟ. ಅವಳು ನಗು ನುಂಗಿಕೊಂಡಳು.

"ಈ ಕೀಲಿನ ಕುಳಿ ಚಿಕ್ಕದು, ತೋಳಿನ ಮೂಳೆಯ ಗುಂಡು ದೊಡ್ಡದು. ಸಣ್ಣ ಸಣ್ಣ ಸ್ನಾಯುಗಳು ಸುತ್ತಲೂ ತಬ್ಬಿ ಹಿಡಿದಿರೋದ್ರಿಂದಲೇ ಕೈ ಎಲ್ಲ ಕಡೆ ತಿರುಗುತ್ತೆ."

"ತಬ್ಬಿದವರು ಬಿಟ್ಟರೆ?"

"ಜಾರಿಹೋಗುತ್ತೆ."

ಅವನು ಅವಳನ್ನೇ ನೋಡಿದ.

ತಿಂಗಳುಗಳು ಕಳೆದವು. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. "ಇದಕ್ಕಿಂತ ಮೇಲಕ್ಕೆ ಹೋಗಲ್ಲ," ಎಂದು ಮುಖ ಹಿಂಡುತ್ತಿದ್ದ.

ಒಂದು ದಿನ ಅವಳಿಗೆ ಥಟ್ಟನೆ ಹೊಳೆಯಿತು. ಸ್ನಾಯು ಸೋತವನು ಕೈ ಎತ್ತಹೋದರೆ ಹೆಗಲೇ ಕಿವಿಯತ್ತ ಏರುತ್ತದೆ. ಇವನ ಹೆಗಲು ಅಲುಗಲೇ ಇಲ್ಲ! ಕೈ ಎಂದೋ ವಾಸಿಯಾಗಿದೆ!

"ಇಷ್ಟು ದಿನ ನಾಟಕ ಆಡಿದ್ರಾ? ಈ ಕುರ್ಚಿಗಾಗಿ ಹೊರಗೆ ನಿಜವಾದ ರೋಗಿಗಳು ಕಾಯ್ತಿದ್ದಾರೆ!"

ಅವನ ಮುಖ ಕಪ್ಪಿಟ್ಟಿತು. "ವಾಸಿಯಾಯ್ತು ಅಂದ್ರೆ ನಿಮ್ಮನ್ನ ನೋಡೋಕೆ ಬೇರೆ ನೆಪ ಇರಲಿಲ್ಲ... ನನ್ನ ಮದುವೆ ಆಗ್ತೀರಾ? ಸೋಮವಾರ ಉತ್ತರ ಕೇಳೋಕೆ ಇನ್ನೊಂದೇ ಸಲ ಬರ್ತೀನಿ. ಬೇಡ ಅಂದ್ರೆ ಮತ್ತೆ ಮುಖ ತೋರಿಸಲ್ಲ."

ಅವಳು ಬಾಗಿಲು ತೋರಿಸಿದ್ದಳು.

ಆದರೆ ಭಾನುವಾರವೆಲ್ಲ ದೇವರ ಮುಂದೆ ಕೂತು 'ಹೂಂ' ಎಂಬ ಒಂದೇ ಮಾತನ್ನು ಹೇಳಿ ಹೇಳಿ ನೋಡಿಕೊಂಡಿದ್ದಳು.

ಇಂದು ಆ ಸೋಮವಾರ.

ಅವನ ಮನೆಗೆ ಓಡಿದಳು. ಬಾಗಿಲ ಪಕ್ಕದಲ್ಲಿ ತೊಳೆದಿಟ್ಟ ಕುಂಚಗಳು. ಒಳಗೆ ಅಕ್ಕಪಕ್ಕದವರು ಅವನಿಗೆ ಅಂಗಿ ತೊಡಿಸಲಾಗದೆ ಸೆಟೆದ ತೋಳನ್ನು ಎಳೆಯುತ್ತಿದ್ದರು.

"ಎಳೀಬೇಡಿ!... ಬಲಗೈ ಮೊದಲು."

ಒಂದು ಅಂಗೈಯಿಂದ ಭುಜಕ್ಕೆ ಆಸರೆ ಕೊಟ್ಟು, ಎಂದಿನಂತೆ ನೋಯದ ಹಾಗೆ, ತೋಳನ್ನು ಮೆಲ್ಲಗೆ ಅಂಗಿಯೊಳಗೆ ತಂದಳು. ಇನ್ನು ನೋವೆಲ್ಲಿ? ಆದರೂ...

ಅವನ ತಾಯಿ ಬೆರಗಾಗಿ ನೋಡಿದರು. "ಇವತ್ತಿಗೆ ಅಂತಲೇ ಇಸ್ತ್ರಿ ಮಾಡಿಟ್ಟಿದ್ದ ಅಂಗಿ ಇದು. ಎಲ್ಲಿಗೋ ಅಂದ್ರೆ, 'ಉತ್ತರ ಕೇಳೋಕೆ' ಅಂದ... ನೀನ್ಯಾರು ಮಗಳೇ?"

"ಆ ಉತ್ತರ ಹೇಳಬೇಕಾಗಿದ್ದವಳು ನಾನು, ಅಮ್ಮ."

ತಾಯಿ ಅವಳ ಹತ್ತಿರ ಸರಿದರು. "ಏನು ಹೇಳ್ತಿದ್ದೆ?"

"ಹೂಂ ಅಂತ..."

"ನನಗಲ್ಲ ಕಂದ. ಅವನಿಗೆ ಹೇಳು."

ಅವಳು ಕೊನೆಯ ಗುಂಡಿ ಹಾಕಿ, ಅವನ ಕಿವಿಯ ಬಳಿ ಬಾಗಿದಳು. ಹೇಳಿದಳು. ಆಮೇಲೆ ಇಬ್ಬರೂ ಹೆಂಗಸರು ಕೈ ಮುಗಿದರು.

ದೇವರೇ, ನಿನ್ನ ಮಡಿಲಿಗೆ ಬಂದವನಿಗೆ ಶಾಂತಿ ಕೊಡು. ಅವನನ್ನು ಎತ್ತಿಕೊಳ್ಳುವಾಗ ಆ ಬಲಭುಜ ಜೋಪಾನ, ತಂದೆ.