ಹೆರಿಗೆ ಕೋಣೆಯಲ್ಲಿದ್ದ ಬಿ.ಪಿ. ಯಂತ್ರ

೧೯೮೬ರ ಮೇ ೨೦, ಬೆಳಗ್ಗೆ. ಎರ್ಮಾಳಿನ ಬೀಪಾತುಮ್ಮ ತಮ್ಮನಾದ ಜಲಾಲನ ಜೊತೆ ಕಾಪು ಠಾಣೆಗೆ ಬಂದರು. ಹಿಂದಿನ ಸಂಜೆ ಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ, ಹರ್ನಿಯಾ ಆಪರೇಷನ್ ನಡೆಯುತ್ತಿದ್ದಾಗಲೇ, ಗಂಡ ಮೂಸಾ ತೀರಿಕೊಂಡಿದ್ದರು. ಶವ ಇನ್ನೂ ಅಲ್ಲೇ ಇತ್ತು.

“ಡಾಕ್ಟ್ರು ಎಂತ ಹೇಳಿದ್ರು?” ಎಸ್.ಐ. ಲೀಲಾಧರ ಕೇಳಿದರು.

“ಹಾರ್ಟ್ ಅಟ್ಯಾಕ್ ಅಂತ. ರಂಜಾನ್ ಉಪವಾಸ ಹಿಡಿಯಲಿಕ್ಕೆ ಬಿಟ್ಟದ್ದು ನನ್ನ ತಪ್ಪು ಅಂತ. ನಾನೇ ಕೊಂದದ್ದಾ ಸಾರ್? ಅದೊಂದು ಹೇಳಿ.”

“ಪೋಸ್ಟ್‌ಮಾರ್ಟಂ ಆಗಬೇಕು.”

“ಮಯ್ಯತ್ ಕೊಯ್ಯುವುದಾ?” ಜಲಾಲ್ ಎದ್ದು ನಿಂತ.

“ಕೊಯ್ಯಲಿ,” ಎಂದರು ಬೀಪಾತುಮ್ಮ.

ಎಫ್.ಐ.ಆರ್. ದಾಖಲಾಯಿತು. ಶವ ಉಡುಪಿಗೆ ಹೋಯಿತು. ಮಧ್ಯಾಹ್ನ ಆಪರೇಷನ್ ಥಿಯೇಟರಿನ ಪಂಚನಾಮೆ ನಡೆಯಿತು. ಸಲೈನ್ ಬಾಟ್ಲಿಯ ಸೀಲ್ ಒಡೆದಿರಲಿಲ್ಲ. ಬಿ.ಪಿ. ಯಂತ್ರ ಕಾಣಲಿಲ್ಲ. ಕಾನ್‌ಸ್ಟೆಬಲ್ ದೇಜಪ್ಪ ಅದನ್ನು ಹೆರಿಗೆ ಕೋಣೆಯಿಂದ ತಂದ.

“ಇಡೀ ಆಸ್ಪತ್ರೆಗೆ ಇದೊಂದೇ ಅಂತೆ ಸಾರ್. ನಮ್ಮ ಠಾಣೆಯ ಟಾರ್ಚಿನ ಹಾಗೆ.”

ಲೀಲಾಧರ ನಗಲಿಲ್ಲ. ನರ್ಸ್ ಇಮೆಲ್ಡಾರನ್ನು ಕರೆಸಿದರು.

“ಇದು ಅಲ್ಲಿಗೆ ಹೋದದ್ದು ಯಾವಾಗ?”

“ಡಾಕ್ಟ್ರು ಮೂಸಾ ಅವರ ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ. ಹೆರಿಗೆ ಕೇಸು ಜೋರಾಯಿತು. ಡಾಕ್ಟ್ರು ನನ್ನನ್ನು ಅಲ್ಲಿಗೆ ಕಳಿಸಿದ್ರು. ಯಂತ್ರವೂ ನನ್ನೊಟ್ಟಿಗೆ ಬಂತು.”

“ಡ್ರಿಪ್?”

“ಹಾಕಲಾ ಅಂತ ಕೇಳಿದೆ. ಸಣ್ಣ ಕೆಲಸ, ಬೇಡ ಅಂದ್ರು.”

“ಉಪವಾಸ ಅವರಿಗೆ ಗೊತ್ತಿತ್ತಾ?”

“ಮೂಸಾ ಅವರೇ ಹೇಳಿದ್ರು. ಖಾಲಿ ಹೊಟ್ಟೆ ಒಳ್ಳೆದೇ ಆಯ್ತಲ್ಲ ಮಾರಾಯ, ಅಂತ ಡಾಕ್ಟ್ರು ನಗಾಡಿದ್ರು.”

ಮರುದಿನ ಮಣಿಪಾಲದಲ್ಲಿ ಅರಿವಳಿಕೆ ತಜ್ಞೆಯೊಬ್ಬರು ವಿವರಿಸಿದರು.

“ಆ ಇಂಜೆಕ್ಷನ್ ನೋವಿನ ನರಗಳ ಜೊತೆ ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳನ್ನೂ ಮಲಗಿಸುತ್ತದೆ. ನಾಳಗಳು ಸಡಿಲವಾಗಿ ರಕ್ತ ಕಾಲಿನ ಕಡೆಗೇ ನಿಲ್ಲುತ್ತದೆ. ಹೃದಯಕ್ಕೆ ಮರಳುವುದು ಕಡಿಮೆಯಾಗಿ ಒತ್ತಡ ಇಳಿಯುತ್ತದೆ. ಮದ್ದು ಎದೆಯ ಮಟ್ಟಕ್ಕೆ ಏರಿದರೆ ಹೃದಯವನ್ನು ಚುರುಕುಗೊಳಿಸುವ ನರಗಳೂ ಸೋಲುತ್ತವೆ. ಬಡಿತ ನಿಧಾನವಾಗಿ ನಿಂತೇ ಹೋದೀತು.”

“ಹಗಲಿಡೀ ನೀರು ಮುಟ್ಟದವರಿಗೆ?”

“ಇನ್ನೂ ಬೇಗ ಇಳಿಯುತ್ತದೆ. ಅದಕ್ಕೇ ಮೊದಲೇ ಡ್ರಿಪ್ ಹಾಕುವುದು. ಒತ್ತಡ ಇಳಿಯುವುದನ್ನು ನಾವು ದಿನಾ ನೋಡುತ್ತೇವೆ, ಕಾಲೆತ್ತುತ್ತೇವೆ, ಮದ್ದು ಕೊಡುತ್ತೇವೆ. ನೋಡಲಿಕ್ಕೆ ಒಬ್ಬರು ಬೇಕು, ಅಷ್ಟೆ.”

ಜೂನ್ ಮೊದಲ ವಾರ ಶವಪರೀಕ್ಷೆಯ ವರದಿ ಬಂತು: ಹೃದಯದಲ್ಲಿ ರೋಗದ ಗುರುತಿಲ್ಲ. ಅದೇ ದಿನ ಆಪರೇಷನ್ ಮಾಡಿದ್ದ ಡಾ. ವಿಲ್ಫ್ರೆಡ್‌ರನ್ನು ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದ ಮೇಲೆ, ಸೆಕ್ಷನ್ ೩೦೪-ಎ ಅಡಿ, ಬಂಧಿಸಲಾಯಿತು.

“ಮೊದಲು ಅರಿವಳಿಕೆಗೆ ಬೇರೆ ಡಾಕ್ಟರನ್ನು ಕರೆಸುತ್ತಿದ್ದಿರಂತೆ. ಯಾಕೆ ನಿಲ್ಲಿಸಿದಿರಿ?” ಲೀಲಾಧರ ಅವರನ್ನು ಕೇಳಿದರು.

“ಒಂದು ದಿನ ರೋಗಿಯ ಎದುರೇ ಅವನು ನನಗೆ, ಬಿ.ಪಿ. ಇಳಿದಿದೆ, ಕತ್ತಿ ಕೆಳಗಿಡಿ ಅಂದ. ನನ್ನದೇ ಥಿಯೇಟರಿನಲ್ಲಿ. ನನ್ನ ಮಗನ ಪ್ರಾಯದವನು.”

ಸಂಜೆ ಲೀಲಾಧರ ಎರ್ಮಾಳಿಗೆ ಹೋಗಿ ತಾವೇ ತಿಳಿಸಿದರು.

“ಉಪವಾಸ ಗೊತ್ತಿದ್ದೇ ಇಂಜೆಕ್ಷನ್ ಕೊಟ್ಟದ್ದಮ್ಮ. ಡ್ರಿಪ್ ಹಾಕಿ, ನೋಡಿಕೊಂಡಿದ್ದರೆ ಬದುಕುತ್ತಿದ್ದರು. ತಪ್ಪು ನಿಮ್ಮದಲ್ಲ.”

ಬೀಪಾತುಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಗೊತ್ತಿದ್ದೂ ನನ್ನ ಮೇಲೆ ಹಾಕಿದ್ರಲ್ಲ ಸಾರ್. ಅದಕ್ಕೆ ಎಂತ ಕೇಸು?”

ಅದಕ್ಕೆ ಹಾಕಲು ಲೀಲಾಧರರ ಬಳಿ ಯಾವ ಸೆಕ್ಷನ್ನೂ ಇರಲಿಲ್ಲ.