ಯಾರಿಗೂ ಹೇಳದ ಅಡ್ರೆಸ್ಸು

"ಕೀಬೋರ್ಡಿನಿಂದ ಕೈ ತೆಗಿ. ಇಲ್ಲದಿದ್ರೆ ನಾಳೆಯೇ ನಿನ್ನನ್ನು ಫ್ಲೈಟ್ ಹತ್ತಿಸ್ತೇನೆ."

ಮ್ಯಾನೇಜರ್ ಅಕ್ಷಯ್ ಸರ್ವರ್ ರೂಮಿಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿದ.

ನಾನು ಕೈ ತೆಗೆಯಲಿಲ್ಲ. ನಾನು ಶಿವಶರಣ, ಗದಗದವನು. ಒಮಾನ್ ದೇಶದ ರೂವಿಯಲ್ಲಿ ಕೆಟ್ಟ ನೆಟ್‌ವರ್ಕ್ ರಿಪೇರಿ ಮಾಡುವುದೇ ನನ್ನ ಹೊಟ್ಟೆಪಾಡು. ಇಂಥ ಮ್ಯಾನೇಜರುಗಳನ್ನು ಬೇಕಾದಷ್ಟು ಕಂಡಿದ್ದೇನೆ ಸ್ವಾಮಿ...

"ನಾ ನಿಮ್ಮ ಕಂಪನಿ ವೀಸಾದಾಗ ಇಲ್ರೀ," ಅಂದೆ. "ನನಗ ವೀಸಾ ಕೊಟ್ಟ ಕಫೀಲ್ ಬ್ಯಾರೆ."

ವಿಷಯ ಇಷ್ಟೇ. ಬೆಳಿಗ್ಗೆ ಇಡೀ ಆಫೀಸಿನ ಫೈಲುಗಳು ಮಾಯ! ಸೆಕ್ರೆಟರಿ ಹರಿಣಾಕ್ಷಿಯೇ ಅಳಿಸಿದ್ದು ಎಂದು ಅಕ್ಷಯ್ ಗುಲ್ಲೆಬ್ಬಿಸಿದ್ದ. ಆಕೆಯ ಕುರ್ಚಿ ಅವನ ಭಾವಮೈದುನನಿಗೆ ಬೇಕಿತ್ತು. ಸಂಜೆಯೊಳಗೆ ಫೈಲು ಸಿಗದಿದ್ದರೆ ಆಕೆಯ ವೀಸಾ ರದ್ದು. ಅದಕ್ಕೇ ಕಂಪನಿಯ ಒಮಾನಿ ಧಣಿ ನನ್ನನ್ನು ಕರೆಸಿದ್ದ.

ಎಲ್ಲ ಕಂಪ್ಯೂಟರುಗಳೂ ಸರ್ವರನ್ನು ಹುಡುಕುತ್ತಿದ್ದದ್ದು ಅದರ ಹಳೆಯ ಅಡ್ರೆಸ್ ನಂಬರಿನಲ್ಲಿ. ಅಲ್ಲಿಂದ ಉತ್ತರವೇ ಇಲ್ಲ. ಸರ್ವರಿನ ಮುಂದೆ ಕೂತು ನೋಡಿದರೆ... ಅಡ್ರೆಸ್ಸೇ ಬೇರೆ! ಫೈಲುಗಳು ಒಂದೂ ಬಿಡದೆ ಒಳಗಿದ್ದವು. ರೂವಿಯ ಫ್ಲ್ಯಾಟ್ ಬಿಟ್ಟು ಅಲ್ ಹೈಲ್‌ಗೆ ಹೋದವರನ್ನು ರೂವಿಯಲ್ಲೇ ಬಾಗಿಲು ಬಡಿದು ಹುಡುಕಿದ ಹಾಗಾಗಿತ್ತು. ಫೈಲು ಸಿಕ್ಕವು ಎಂದು ತಕ್ಷಣ ಹರಿಣಾಕ್ಷಿಗೆ ಮೆಸೇಜ್ ಹಾಕಿದೆ. ಅಷ್ಟರಲ್ಲಿ ಇವನು ಒಳಗೆ ಬಂದ.

"ಸರ್, ನಿಮ್ಮ ಲ್ಯಾಪ್‌ಟಾಪಿನ್ಯಾಗ ಫೈಲ್ ಕಾಣಸ್ತಾವೇನ್ರಿ?"

"ಇಲ್ಲ. ಅವಳು ಎಲ್ಲ ಡಿಲೀಟ್ ಮಾಡಿದ್ದಾಳೆ ಅಂತ ಹೇಳಿದೆನಲ್ಲ."

"ಮತ್ತ ಇಲ್ಲಿ ನಿಮ್ಮ ಹೆಸರು ಯಾಕ ಐತ್ರಿ?"

ಪರದೆಯನ್ನು ಅವನತ್ತ ತಿರುಗಿಸಿದೆ. ಹೊಸ ಅಡ್ರೆಸ್ಸಿನಿಂದ ಸರ್ವರಿನ ಒಳಗೆ ಬಂದು ಫೈಲು ತೆರೆದು ಕೂತವರು ಇಡೀ ಆಫೀಸಿನಲ್ಲಿ ಒಬ್ಬರೇ. ಅಕ್ಷಯ್! ಬದಲಾಯಿಸಿದವನಿಗಲ್ಲದೆ ಆ ನಂಬರು ಇನ್ಯಾರಿಗೆ ಗೊತ್ತಿರಬೇಕು?

ಇಂಗು ತಿಂದ ಮಂಗನ ಹಾಗೆ ನಿಂತ. ಮರುಕ್ಷಣ ಪವರ್ ಕೇಬಲ್ಲಿಗೆ ಕೈ ಹಾಕಿದ.

ಮಣಿಕಟ್ಟು ಹಿಡಿದೆ. ತಿರುಚಿದೆ. ಇನ್ನೊಂದು ಕೈಯಲ್ಲಿ ಚಿಲಕ ತೆಗೆದೆ.

ಹೊರಗೆ ಹರಿಣಾಕ್ಷಿ, ಜೊತೆಗೆ ಧಣಿ. ಆಕೆ ಮೆಸೇಜ್ ನೋಡಿದವರೇ ಧಣಿಯನ್ನು ಕರೆದುಕೊಂಡು ಬಂದಿದ್ದರು. ಗಟ್ಟಿಗಿತ್ತಿ!

ಧಣಿ ಪರದೆ ನೋಡಿದ. ನಾನು ಹೇಳಿದ್ದನ್ನು ಕೇಳಿದ. ಅಕ್ಷಯ್‌ನ ಕಡೆ ತಿರುಗಿ, "ಖಲಾಸ್," ಅಂದ.

ಆಮೇಲೆ ಹರಿಣಾಕ್ಷಿಗೆ ಹಿಂದಿಯಲ್ಲಿ, ಇವತ್ತು ಮನೆಗೆ ಹೋಗಿ ಸುಧಾರಿಸಿಕೊಳ್ಳಲು ಹೇಳಿದ. ಆಕೆ ತನ್ನ ಕುರ್ಚಿಯಲ್ಲಿ ಹೋಗಿ ಕೂತರು. ಕಣ್ಣು ಕೆಂಪಾಗಿತ್ತು, ಸ್ವರ ನಡುಗಲಿಲ್ಲ.

"ಶಿವಶರಣರೇ, ಧಣಿಗೆ ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ. ಮನೆಗೆ ಹೋಗ್ಬೇಕಾದ್ದು ಅಕ್ಷಯ್. ನನಗೆ ಕೆಲಸ ಉಂಟು."